ಅತ್ತೆಯ ಕಿಡ್ನಿ, ತುಂಬು ಲೋಟ ನೀರು

ನನಗೆ ಕಿಡ್ನಿ ಕೊಟ್ಟವರು ನನ್ನ ಅತ್ತೆ. ಆಸ್ಪತ್ರೆಯಿಂದ ಯೆರವಡಾದ ಮನೆಗೆ ಅವರು ಮೊದಲು ಬಂದರು, ಆಮೇಲೆ ನಾನು. ಗಂಡ ಚಾಕಣದ ಕಾರ್ಖಾನೆಗೆ ಹೋಗಲೇಬೇಕಿತ್ತು. ಹೊಟ್ಟೆಗೆ ಹೊಲಿಗೆ ಬಿದ್ದ ಇಬ್ಬರು ಹೆಂಗಸರನ್ನು ನೋಡಿಕೊಳ್ಳುವ ಭಾರ ಮಾವನ ಮೇಲೆ ಬಿತ್ತು. ಅವರೋ, ಅಲ್ಲಿಯತನಕ ಚಹಾ ಸಹ ಕಾಸಿಕೊಳ್ಳದ ಮನುಷ್ಯ.

ಆಸ್ಪತ್ರೆಯ ನರ್ಸ್‌ಬಾಯಿ ದಿನಾ ಫೋನ್ ಮಾಡಿ ಅವರಿಗೆ ಮರಾಠಿಯಲ್ಲಿ ಪಾಠ ಹೇಳುತ್ತಿದ್ದರು. ಗುಳಿಗೆಯ ಹೊತ್ತು ತಪ್ಪಬಾರದು, ಜ್ವರ ನೋಡಬೇಕು, ಬಂದವರನ್ನು ಒಳಗೆ ಬಿಡಬಾರದು, ಮೂತ್ರ ಅಳೆಯಬೇಕು. ಮಾವ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತುಬಿಟ್ಟರು. ಸ್ವಂತ ತಂಗಿಯನ್ನೂ ಮೆಟ್ಟಿಲ ಮೇಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಫೋನಿನಲ್ಲಿ ಕೇಳಿಸಲಿಕ್ಕಿಲ್ಲವೆಂದು ನನ್ನ ಮೂತ್ರದ ಅಳತೆಯನ್ನು ಇಡೀ ಕಟ್ಟಡಕ್ಕೆ ಕೇಳುವಂತೆ ಒದರುತ್ತಿದ್ದರು. ಎದುರುಮನೆಯಿಂದ ‘ವ್ಹಾ, ಛಾನ್!’ ಎಂದು ಮಾರುತ್ತರ ಬರುತ್ತಿತ್ತು.

‘ನಗಸಬ್ಯಾಡ್ರಿ, ಹೊಲಿಗಿ ಬಿಚ್ಚತಾವ!’ ಎಂದು ಅತ್ತೆ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನಗುತ್ತಿದ್ದರು.

ನನ್ನ ಖುಷಿಯೇ ಬೇರೆ. ಡಯಾಲಿಸಿಸ್ ಕಾಲದಲ್ಲಿ ನಾಲಿಗೆ ಒದ್ದೆಯಾಗುವಷ್ಟೇ ನೀರು ಕುಡಿದವಳು ನಾನು. ಈಗ ನರ್ಸ್‌ಬಾಯಿಯೇ ಕುಡಿ, ಇನ್ನೂ ಕುಡಿ ಅನ್ನುತ್ತಿದ್ದರು. ಕಾಯಿಸಿ ಆರಿಸಿದ ನೀರನ್ನು ತುಂಬು ಲೋಟದಿಂದ ಗಟಗಟ ಕುಡಿದು ಅಮಲೇರಿದವಳಂತೆ ಕೂತಿರುತ್ತಿದ್ದೆ.

ಮೊದಲ ತಪಾಸಣೆಗೆ ಅತ್ತೆ ಸೊಸೆ ಇಬ್ಬರೇ ಹೋದೆವು. ರಕ್ತದ ವರದಿ ನೋಡಿದ ಡಾಕ್ಟರು ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರು.

‘ಮಾಡ್ಲಿಲ್ಲಂದ್ರ ಬಿಡ್ತೀನೇನ್ರಿ? ನಂದದು,’ ಅಂದರು ಅತ್ತೆ, ಕನ್ನಡದಲ್ಲೇ.

ವಾಪಸು ಬರುವಾಗ ನಮ್ಮ ಬಾಡಿಗೆ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು.

‘ಅತ್ತಿ, ನನಗ ಒಂದಕ್ಕ ಅವಸರ ಆಗೇದರಿ.’

‘ಖರೇನ?’

‘ತಡಕೊಳ್ಳಾಕ ಆಗವಲ್ದರಿ!’

ಮನೆಯಲ್ಲಿ ನರ್ಸ್‌ಬಾಯಿ ಹೇಳಿದಂತೆ ಗಡಿಯಾರ ನೋಡಿ ಹೋಗುತ್ತಿದ್ದೆ. ಡಯಾಲಿಸಿಸ್ ಕಾಲದಲ್ಲಿ ಮೂತ್ರವೇ ನಿಂತಿದ್ದರಿಂದ, ಹೀಗೆ ತಾನಾಗಿ ಒತ್ತಿಕೊಂಡು ಬರುವ ಅವಸರ ಎಷ್ಟೋ ವರ್ಷದಿಂದ ಮರೆತೇಹೋಗಿತ್ತು. ‘ಥಾಂಬಾ, ಥಾಂಬಾ!’ ಎಂದು ಅತ್ತೆ ಡ್ರೈವರನ ಹೆಗಲು ಬಡಿದರು. ಅವನು ಗಾಬರಿಬಿದ್ದು ಕಾರನ್ನು ಪಕ್ಕದ ಪೆಟ್ರೋಲ್ ಪಂಪಿಗೆ ನುಗ್ಗಿಸಿದ. ಅತ್ತೆ ನನಗಿಂತ ಮುಂಚೆ ಒಳಗೆ ಹೋಗಿ ಸ್ಯಾನಿಟೈಸರ್ ಬಾಟಲಿಯನ್ನೇ ಬರಿದು ಮಾಡಿ ಪಾಯಖಾನೆ ಒರೆಸುತ್ತಿದ್ದರೆ, ನಾನು ಹೊರಗೆ ಹೊಲಿಗೆ ಹಿಡಿದುಕೊಂಡು ನಗುತ್ತ ಕಾಲು ಬದಲಿಸುತ್ತಿದ್ದೆ.

ಹಿಂದಿರುಗಿದಾಗ ಏನಾಯಿತೆಂದು ಡ್ರೈವರ್ ಕೇಳಿದ: ‘ಕಾಯ್ ಝಾಲಂ, ಮಾವಶಿ?’

‘ಕಿಡ್ನಿ ಚಾಲೂ ಆಹೆ!’ ಅಂದರು ಅತ್ತೆ.

ಅವನಿಗೇನು ತಿಳಿಯಿತೋ, ಅಭಿನಂದನೆ ಹೇಳಿ ಗಾಡಿ ಬಿಟ್ಟ.