ಗಾಳಿ ತುಂಬದ ಕಂಪ್ರೆಸರ್

ಸ್ನೇಹಿತರೇ, ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಸಂಜೆಯೊಳಗೆ ಚನ್ನಪಟ್ಟಣದ ಅಂಗಡಿಗೆ ಕಳಿಸಬೇಕಾದ ಗೊಂಬೆಗಳಿಗೆ ಬಣ್ಣ ಸ್ಪ್ರೇ ಮಾಡಬೇಕು. ಮನೆಯ ಕಂಪ್ರೆಸರ್ ಬಡಬಡ ಓಡುತ್ತದೆ, ಒತ್ತಡ ತೋರಿಸುವ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುವುದಿಲ್ಲ. ಪೈಪಿಗೆಲ್ಲ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಬರಲಿಲ್ಲ. ವಾಲ್ವ್ ಬಿಚ್ಚಿ ಮತ್ತೆ ಜೋಡಿಸಿದೆ. ಊಟವೂ ಆಗಲಿಲ್ಲ.

ಮೂಲೆಯಲ್ಲಿ ಬುಗುರಿ ಕಡೆಯುತ್ತಿದ್ದ ಅಪ್ಪ ಆಗ ನಿಧಾನಕ್ಕೆ ಅಂದರು, "ಸೋರೋ ಜಾಗ ನೆನ್ನೆನೇ ಮುಚ್ಬುಟ್ಟೆ ಕಣ್ಲಾ. ಪಕ್ಕದ ತೂತು ಸುಯ್ ಅಂತಿತ್ತು, ಅರಗು ಮೆತ್ತಿವ್ನಿ."

"ಅಪ್ಪಾ, ಅದು ಗಾಳಿ ಒಳಕ್ಕೆ ಎಳ್ಕಳೋ ತೂತು!"

ಕೆಂಪು ಮಿಷನ್ನಿಗೆ ಅದೇ ಕೆಂಪು ಅರಗು, ಮೇಲೆ ಗೊಂಬೆಗೆ ಉಜ್ಜುವಂತೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಬೇರೆ. ನನಗೆ ಹೇಗೆ ಕಾಣಬೇಕು? ಕೆತ್ತಿ ತೆಗೆದೆ, ಮುಳ್ಳು ಏರಿತು.

ಅಪ್ಪ ಇನ್ನೂ ಮುನಿಸಿಕೊಂಡೇ ಇದ್ದಾರೆ. "ಅಷ್ಟು ನೈಸಾಗಿ ಮಾಡಿದ್ನಲ್ಲ, ಗೀರಾಕ್ಬುಟ್ಟಲ್ಲೋ!"