ಜಮಾತಿನ ಡೇಗ, ಯಾಸ್ಮೀನಳ ಇನ್‌ಬಾಕ್ಸ್

ಹತ್ತು ಮಂದಿ ಹಂಚಿಕೊಂಡು ಬಳಸುವ ವಸ್ತುವಿನ ಬೆಲೆ ಮೂಡಲಗಿಯ ಯಾಸ್ಮೀನಳಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಮಸೀದಿಯ ಮಗ್ಗುಲಲ್ಲಿದ್ದ ಅವರ ಮನೆಯ ಹಿಂದಿನ ಖೋಲಿಯಲ್ಲಿ ಜಮಾತಿನ ಪಾತ್ರೆಗಳಿದ್ದವು. ಮದುವೆಯಿರಲಿ, ಕೂಸಿಗೆ ಹೆಸರಿಡುವ ಅಕೀಕಾ ಇರಲಿ, ಸತ್ತವರ ನಲವತ್ತನೆಯ ದಿನದ ಊಟವಿರಲಿ, ಓಣಿಯವರು ಅಡಿಗೆಯ ದೊಡ್ಡ ಡೇಗಗಳನ್ನು ಅಲ್ಲಿಂದಲೇ ಉರುಳಿಸಿಕೊಂಡು ಒಯ್ಯುತ್ತಿದ್ದರು. ಖೋಲಿಯ ಕೀಲಿ ಮೊದಲು ತಂದೆ ಹಜರತಅಲಿಯವರ ಬಳಿ ಇತ್ತು. ಅವರು ತೀರಿಕೊಂಡ ಮೇಲೆ ತಾಯಿ ರಶೀದಾಬಿಯ ಸೆರಗಿನ ತುದಿಗೆ ಬಂತು. ಮನೆಗೊಂದು ಡೇಗ ಕೊಂಡು ಅಟ್ಟದ ಮೇಲೆ ಬೋರಲು ಹಾಕುವುದು ಹುಚ್ಚುತನ ಎಂಬ ತಂದೆಯ ಮಾತು ಯಾಸ್ಮೀನಳ ಮನಸ್ಸಿನಲ್ಲಿ ಊರಿ ನಿಂತಿತ್ತು.

ಬಹುಶಃ ಅದಕ್ಕೇ, ಬಿಸಿಎ ಮುಗಿಸಿ ಗೋಕಾಕದ ಬಸ್ ನಿಲ್ದಾಣದ ಸಮೀಪದ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಸೇರಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅಲ್ಲಿಯ ದುಂದು. ಇಮೇಲ್ ಕಳಿಸುವ, ಬಂದ ಇಮೇಲನ್ನು ಬಿಡಿಸಿ ಓದುವ ಕೋಡನ್ನು ಅವರು ಲೈಬ್ರರಿಯಾಗಿ ಬರೆದು ಬೇರೆ ಕಂಪನಿಗಳಿಗೆ ಕೊಡುತ್ತಿದ್ದರು. ಅದರ ಒಂದೊಂದು ತುಣುಕೂ ಸರಿಯಾಗಿದೆಯೇ ಎಂದು ಒರೆಗೆ ಹಚ್ಚಲು ಟೆಸ್ಟ್‌ಗಳು ಬೇಕು. ಟೆಸ್ಟ್‌ಗೆ ಸುಳ್ಳು ಮೇಲ್ ಬೇಕು, ಸುಳ್ಳು ಇನ್‌ಬಾಕ್ಸ್ ಬೇಕು. ಅವನ್ನು ಪ್ರತಿಯೊಬ್ಬರೂ ಪ್ರತಿ ಸಲವೂ ಹೊಸದಾಗಿ ಬರೆದುಕೊಳ್ಳುತ್ತಿದ್ದರು. ಯಾಸ್ಮೀನ ಆ ಸಾಮಾನನ್ನೆಲ್ಲ ಒಮ್ಮೆ ನೆಟ್ಟಗೆ ಬರೆದು, ಎಲ್ಲರ ಕೈಗೂ ಎಟಕುವಂತೆ ಒಂದೆಡೆ ಇಟ್ಟಳು. ಎಲ್ಲರ ಟೆಸ್ಟ್‌ಗಳಿಗೂ ಈಗ ಒಂದೇ ಸುಳ್ಳು ಇನ್‌ಬಾಕ್ಸ್. ಮೇಲ್ ಬೇಕೆಂದು ಕೇಳಿದರೆ ಸಾಕು, ಕಳಿಸಿದವರ ಹೆಸರು, ವಿಷಯ, ಒಕ್ಕಣೆ ಎಲ್ಲ ತುಂಬಿದ ಸಿದ್ಧ ಮೇಲ್ ಬರುತ್ತಿತ್ತು. ಟೆಸ್ಟ್ ತಾನು ಹಾಕಿದ ಮೇಲನ್ನು ಮುಗಿಯುವಾಗ ತಾನೇ ತೆಗೆದುಹಾಕುವಂತೆ ಕೊನೆಯಲ್ಲೊಂದು ಸಾಲನ್ನೂ ಸೇರಿಸಿದ್ದಳು. ಕಚೇರಿಯವರು ಅವನ್ನು ಹೆಲ್ಪರ್ ಎಂದರು. ಜಮಾತಿನ ಪಾತ್ರೆಗಳ ಕಥೆ ಕೇಳಿದ್ದ ಮುಖ್ಯಸ್ಥ ಅಜಿತ ಮಾತ್ರ ‘ಯಾಸ್ಮೀನನ ಭಾಂಡಿ’ ಎಂದು ಚಾಷ್ಟಿ ಮಾಡುತ್ತಿದ್ದ. ಆ ಚಾಷ್ಟಿ ಅವಳಿಗೆ ಒಳಗೊಳಗೇ ಹಿಡಿಸುತ್ತಿತ್ತು.

ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಬರುತ್ತಿದ್ದ ಅರ್ಚನಾ ಹೊಸಬಳು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನೆಟ್‌ವರ್ಕ್ ಕಡಿದುಹೋದರೆ ಮೇಲನ್ನು ಮತ್ತೊಮ್ಮೆ ಕಳಿಸುವ ಭಾಗ ಅವಳ ಪಾಲಿಗೆ ಬಂದಿತ್ತು. ಹೆಲ್ಪರ್‌ನ ಸಿದ್ಧ ಮೇಲ್ ಒಂದನ್ನು ಕಳಿಸಿ, ಇನ್‌ಬಾಕ್ಸ್‌ನಲ್ಲಿ ಒಂದೇ ಇದೆಯೇ ಎಂದು ಎಣಿಸುವುದು ಅವಳ ಟೆಸ್ಟ್. ಅದು ಒಮ್ಮೆ ಪಾಸ್ ಆದರೆ ಇನ್ನೊಮ್ಮೆ ಎರಡು ಮೇಲ್ ತೋರಿಸುತ್ತಿತ್ತು. ಎರಡೂ ಒಂದೇ ಹೆಸರಿನವು, ಒಂದೇ ಒಕ್ಕಣೆಯವು. ಅರ್ಚನಾಳ ಕೋಡ್ ಒಂದೇ ಮೇಲನ್ನು ಎರಡು ಸಲ ಕಳಿಸುತ್ತಿದೆ ಎಂದು ಯಾರಿಗಾದರೂ ಅನಿಸಬೇಕು.

“ಗಿರಾಕಿಗೆ ಒಂದ ಬಿಲ್ ಎರಡ ಸಲ ಹೋದ್ರ ಬಂದು ನಮ್ಮ ಮಾರಿಗೆ ಉಗುಳ್ತಾನ ನೋಡವ್ವ,” ಎಂದ ಅಜಿತ. “ಸೋಮವಾರ ಅನ್ನೂದ್ರಾಗ ಸರಿ ಮಾಡು. ಇಲ್ಲಾಂದ್ರ ಈ ಕೆಲಸ ಬ್ಯಾರೇದವ್ರಿಗೆ ಕೊಡ್ತೇನಿ. ನಿನ್ನ ಕಾಯಂ ಮಾತು ಆಮ್ಯಾಲ ನೋಡೂಣು.”

ಅರ್ಚನಾ ಯಾಸ್ಮೀನಳ ಕುರ್ಚಿಯ ಬಾಜೂ ಬಂದು ನಿಂತಳು. “ಅಕ್ಕಾರ, ನಾ ಖರೇನ ಒಂದ ಕಳಸಾಕತ್ತೇನ್ರಿ.”

“ಎರಡ ಅದಾವಲ್ಲ. ಇನ್‌ಬಾಕ್ಸ್ ತಾನ ಮರಿ ಹಾಕತೈತೇನು?”

“ನಿಮ್ಮ ಹೆಲ್ಪರ್ ಒಮ್ಮಿ ನೋಡ್ತೀರೇನ್ರಿ?”

“ಎಲ್ಲಾರೂ ಅದನ್ನ ಬಳಸಾಕತ್ತಾರ ತಂಗಿ. ನಿನಗಷ್ಟ ಕೆಡತೈತೇನು?”

ಹುಡುಗಿ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಯಾಸ್ಮೀನಳಿಗೆ ತಾನು ಅನ್ಯಾಯದ ಮಾತಾಡಿದೆ ಎಂದೇನೂ ಅನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಓಣಿಯ ಅಸ್ಫಾಕನ ಕೂಸಿನ ಅಕೀಕಾ. ಮಸೀದಿಯ ಎದುರಿನ ಬಯಲಿನಲ್ಲಿ ಒಲೆ ಹೂಡಿ, ಖೀರಿಗೆಂದು ಡೇಗ ಏರಿಸಿದ್ದರು. ವರ್ತನೆಯ ಹಾಲಿನವ ಕರೆಪ್ಪ ಕ್ಯಾನು ಇಳಿಸಿದ; ಆದರೆ ಮುಚ್ಚಳ ತೆಗೆಯಲೊಲ್ಲ. ಒಲೆಯ ಹತ್ತಿರ ನಿಂತಿದ್ದ ರಶೀದಾಬಿಯತ್ತ ತಿರುಗಿದ.

“ಕಾಕೀ, ಮೊದಲ ಡೇಗ ತೊಳಸ್ರಿ. ಆಮ್ಯಾಲ ನನ್ನ ಹಾಲು.”

“ತೊಳದ ಇಟ್ಟಾರೋ ಮಾರಾಯಾ,” ಎಂದ ಅಸ್ಫಾಕ. “ಒಲಿ ಸುಮ್ಮನ ಉರಿಯಾಕತ್ತೈತಿ.”

“ತೊಳದೇವಿ ಅಂತ ಯಾರ ಹೇಳ್ಯಾರ? ಹಿಂದಕ ಒಯ್ದವ್ರು. ಅವರು ಮತ್ತೇನಂತಾರ? ನಿಮ್ಮ ಕಾಕಾನ ಮದಿವ್ಯಾಗ ಖೀರು ಒಡೀತಲ್ಲ, ಮಂದಿ ಯಾರನ್ನ ಬೈದ್ರು ಹೇಳು? ನನ್ನ ಎಮ್ಮಿನ್ನ ಸೈತ ಬಿಡಲಿಲ್ಲ!”

ಅಸ್ಫಾಕ ನಕ್ಕ. ರಶೀದಾಬಿ ನಗಲಿಲ್ಲ. “ಅಂವ ಅನ್ನೂದು ಖರೆ ಐತಿ. ಆ ಮದಿವಿಕಿಂತ ಮೊದಲ ಡೇಗ ಒಯ್ದವ್ರು ದಾಲ್ಚಾ ಮಾಡಿದ್ರು. ಮೈಗಳ್ಳರಲ್ಲ, ತೊಳಿಯಾಕ ಕುಂತಿದ್ರು ಪಾಪ. ನಡುವ ದವಾಖಾನಿಯಿಂದ ಫೋನ್ ಬಂತು, ಹಂಗ ಎದ್ದ ಓಡಿದ್ರು. ಹುಣಸಿಹುಳಿ ಕಂಠದ ಒಳಗ ಕುಂತಿತ್ತು. ಹುಳಿ ಇದ್ದದ್ದು ಡೇಗದಾಗ, ಹೆಸರು ಬಂದದ್ದು ಹಾಲಿಗೆ. ಅವತ್ತಿನಿಂದ ನಮ್ಮವರು ಕಾನೂನು ಮಾಡಿದ್ರು: ಕೊಡವ್ರೂ ತೊಳೀಬೇಕು, ತಗೊಳ್ಳವ್ರೂ ತೊಳೀಬೇಕು.”

ಚಹಾದ ಕಪ್ಪು ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ ಯಾಸ್ಮೀನಳ ಕಿವಿಯಲ್ಲಿ ಒಂದೇ ಮಾತು ಉಳಿಯಿತು: ನಡುವ ಎದ್ದ ಓಡಿದ್ರು. ಅವಳ ಟೆಸ್ಟ್‌ಗಳೂ ತೊಳೆಯುತ್ತಿದ್ದದ್ದು ಕೊನೆಯಲ್ಲಿ. ಕೊನೆಯವರೆಗೆ ಹೋಗದ ಟೆಸ್ಟ್ ಏನು ಮಾಡೀತು? ಅಂಥದ್ದೊಂದು ಹಳೆಯ ಟೆಸ್ಟ್ ಇರುವುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಆಗಾಗ ತಡವಾಗಿ, ಸಮಯ ಮೀರಿ ನಡುವೆಯೇ ಕಡಿದುಹೋಗುತ್ತಿತ್ತು. ಯಂತ್ರ ಅದನ್ನು ತಾನೇ ಮತ್ತೊಮ್ಮೆ ಓಡಿಸುತ್ತಿತ್ತು. ಎರಡನೆಯ ಸಲ ಪಾಸ್ ಆಗುತ್ತಿತ್ತು. ಮೊದಲ ಸಲ ಅದು ಬಿಟ್ಟುಹೋದದ್ದೇನೆಂದು ಯಾರೂ ಬಗ್ಗಿ ನೋಡಿರಲಿಲ್ಲ.

ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ಆ ಟೆಸ್ಟನ್ನು ಬೇಕೆಂದೇ ನಡುವೆ ನಿಲ್ಲಿಸಿ ಇನ್‌ಬಾಕ್ಸ್ ನೋಡಿದಳು. ಅವಳದೇ ಸಿದ್ಧ ಮೇಲ್ ಅಲ್ಲಿ ಕುಳಿತಿತ್ತು. ಬಳಿಕ ಅರ್ಚನಾಳ ಟೆಸ್ಟ್ ಓಡಿಸಿದಳು. ಎರಡು ಮೇಲ್. ಎಲ್ಲ ಮೇಲ್‌ಗೂ ತಾನೇ ಒಂದೇ ಹೆಸರು, ಒಂದೇ ಒಕ್ಕಣೆ ಕೊಟ್ಟಿದ್ದರಿಂದ, ಉಳಿದುಹೋದ ಮೇಲ್ ಯಾವುದು, ಅರ್ಚನಾ ಕಳಿಸಿದ್ದು ಯಾವುದು ಎಂದು ಅವಳಿಗೂ ಗುರುತು ಹತ್ತಲಿಲ್ಲ. ಉಳಿದವರ ಟೆಸ್ಟ್‌ಗಳು ಮೇಲ್ ಎಣಿಸದೇ ಇದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಿದ್ದುವುದು ಸುಲಭವಿತ್ತು: ಪ್ರತಿ ಟೆಸ್ಟೂ ಹೊಸ ಖಾಲಿ ಇನ್‌ಬಾಕ್ಸ್‌ನಿಂದಲೇ ಶುರುವಾಗಲಿ. ಕಷ್ಟವಿದ್ದದ್ದು ಬೇರೆ. ಸದ್ದಿಲ್ಲದೆ ತಿದ್ದಿಬಿಟ್ಟರೆ ಸೋಮವಾರ ಅರ್ಚನಾಳ ಟೆಸ್ಟ್ ಪಾಸ್ ಆಗುತ್ತಿತ್ತು. ಅವಳ ಕೋಡಿನಲ್ಲಿ ದೋಷವಿತ್ತು, ಹೇಗೋ ಸರಿಹೋಯಿತು ಎಂದು ಅಜಿತ ತಿಳಿಯುತ್ತಿದ್ದ. ಯಾಸ್ಮೀನನ ಭಾಂಡಿಗೆ ಕಲೆ ಹತ್ತುತ್ತಿರಲಿಲ್ಲ. ಹೊರಗೆ ಡೇಗದ ಒಳಮೈಯನ್ನು ಯಾರೋ ಗಸಗಸ ತಿಕ್ಕುತ್ತಿದ್ದರು. ಕರೆಪ್ಪ ಇನ್ನೂ ತನ್ನ ಎಮ್ಮೆಯ ಪರವಾಗಿ ವಾದಿಸುತ್ತಿದ್ದ. ಮುಗಿದ ಮದುವೆಯ ಮಾತನ್ನು ಆ ಮನುಷ್ಯ ಇಂದಿಗೂ ಮನಸ್ಸಿನಿಂದ ಕೆಳಗಿಳಿಸಿರಲಿಲ್ಲ.

ಮರುದಿನ, ಅರಭಾವಿ ಕಾಲೇಜಿನ ಹುಡುಗರಿಂದ ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಗೋಕಾಕಕ್ಕೆ ಬಂದಳು. ಎಲ್ಲರನ್ನೂ ತನ್ನ ಪರದೆಯ ಮುಂದೆ ಕರೆದು ಹಳೆಯ ಟೆಸ್ಟನ್ನು ನಡುವೆ ಕಡಿದು ತೋರಿಸಿದಳು.

“ಅರ್ಚನಾನ ಕೋಡ್ ಮೊದಲಿಂದ ಸರಿ ಐತ್ರಿ. ತಪ್ಪು ನನ್ನ ಹೆಲ್ಪರ್‌ದಾಗ ಇತ್ತು. ಆಕಿ ನೋಡ್ರಿ ಅಂದಾಗ ನಾ ನೋಡಲಿಲ್ಲ.”

ಅಜಿತ ಗದ್ದ ತುರಿಸಿಕೊಂಡ. “ಅಂದ್ರ ಭಾಂಡಿ ಮುಸುರಿ ಇತ್ತು ಅನ್ನು.” ಆಮೇಲೆ ಅರ್ಚನಾಳತ್ತ ತಿರುಗಿದ. “ನಿನ್ನ ಕೋಡ್ ಇವತ್ತ ಸೇರಸೂಣು. ಕಾಯಂ ಕಾಗದಾನೂ ಕಳಸ್ತೇನಿ.”

“ಒಂದ ಸಲ ಕಳಸಿದ್ರ ಸಾಕ್ರಿ ಸರ್,” ಎಂದಳು ಅರ್ಚನಾ. ಎಲ್ಲರೂ ನಕ್ಕರು. ಯಾಸ್ಮೀನಳ ಕಡೆ ತಿರುಗಿದಾಗ ಮಾತ್ರ ಅರ್ಚನಾಳ ಮುಖದಲ್ಲಿ ನಗೆಯಿರಲಿಲ್ಲ. “ಇಷ್ಟ ದಿನ ನಾ ಕೋಡ್ ಅಲ್ರಿ ಅಕ್ಕಾ, ನನ್ನ ತಲೀನ ತಿಕ್ಕಿ ತೊಳದೇನಿ.”

ಯಾಸ್ಮೀನ ತಲೆಯಾಡಿಸಿದಳು; ಪ್ರತಿ ಟೆಸ್ಟಿಗೂ ಖಾಲಿ ಇನ್‌ಬಾಕ್ಸ್ ಕೊಡುವಂತೆ ಹೆಲ್ಪರನ್ನು ತಿದ್ದಲು ಕುಳಿತಳು.

ಸಂಜೆ ಅರ್ಚನಾಳ ಕೋಡನ್ನು ಕೊನೆಯ ಸಲ ಓದುತ್ತಿದ್ದ ಅಜಿತ ಒಂದು ಕಡೆ ತಡೆದು ನಿಂತ. ಟೆಸ್ಟ್‌ನ ಮೊದಲಲ್ಲೇ ಅವಳು ಹೊಸ ಸಾಲೊಂದನ್ನು ಬರೆದಿದ್ದಳು: ಇನ್‌ಬಾಕ್ಸ್ ಖಾಲಿ ಇದೆಯೇ ನೋಡು; ಇಲ್ಲದಿದ್ದರೆ ಇಲ್ಲೇ ನಿಲ್ಲು.

“ಇದ್ಯಾಕ ಮತ್ತ? ಹೆಲ್ಪರ್ ಈಗ ಮೊದಲ ಖಾಲಿ ಮಾಡಿ ಕೊಡತೈತಲ್ಲ. ತಗದ ಬಿಡು.”

ಅರ್ಚನಾ ಕೀಲಿಮಣೆಯತ್ತ ಕೈ ಚಾಚಲಿಲ್ಲ. ಬಸ್ಸಿಗೆ ಹೊರಟು ನಿಂತಿದ್ದ ಯಾಸ್ಮೀನ ಬಾಗಿಲಲ್ಲೇ ತಿರುಗಿ ನೋಡಿದಳು.

“ಇರಲಿ ಬಿಡ್ರಿ ಸರ್,” ಎಂದಳು. “ತಗೊಳ್ಳವ್ರೂ ತೊಳೀಲಿ.”