ಎಂಜಿನ್ ಮನೆಯ ದರ್ಶನ

ಬೇರೆ ಯಾವುದೋ ನಕ್ಷತ್ರದಿಂದ ಬಂದವರು ನಮ್ಮ ಯಂತ್ರಗಳೊಳಗೆ ಹೊಕ್ಕು ಕೂರುವ ಕಥೆಗಳನ್ನು ಮೊಮ್ಮಗಳು ಓದುತ್ತಾಳೆ. ನಡುನಡುವೆ "ಇದೆಲ್ಲ ಸುಳ್ಳು ಅಜ್ಜಿ, ಹೆದರ್ಬೇಡ" ಎಂದು ನನಗೇ ಧೈರ್ಯ ಹೇಳುತ್ತಾಳೆ. ಅವಳ ಪುಸ್ತಕದವರು ಬಂದಿಳಿದ ಕೂಡಲೇ ಭಾಷಣ ಬಿಗಿಯುತ್ತಾರೆ. ಬಾಳೂರು ಕಡೆ ನಾವಿದ್ದ ಕಾಫಿ ತೋಟಕ್ಕೆ ಬಂದದ್ದು ತಾನಾಗಿ ಒಂದು ಮಾತೂ ಆಡಿರಲಿಲ್ಲ. ಅದರ ಬಾಯಿ ಬಿಡಿಸಲು ಹೋದವರು ನಮ್ಮವರೇ.

ಆಗ ಯುದ್ಧದ ಕಾಲ. ನನ್ನ ಗಂಡ ತೋಟದ ಎಂಜಿನ್ ನೋಡಿಕೊಳ್ಳುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತಿರುಗುತ್ತಿದ್ದದ್ದು ಆ ಎಂಜಿನ್ನಿನಿಂದ. ಊಟಕ್ಕೆ ಕರೆದರೆ "ಬಂದೆ ಮಾರಾಯ್ತಿ" ಎನ್ನುವರು, ಬರುತ್ತಿರಲಿಲ್ಲ. ಬಂದರೂ ಸುಮ್ಮನೆ ಉಣ್ಣುವ ಜನವಲ್ಲ. ಸಾರಿಗೆ ಉಪ್ಪಿಲ್ಲ, ನಿನ್ನ ತವರಿನವರು ಜಿಪುಣರು ಎಂದು ಶುರುವಾದರೆ ನಾನೂ ಬಿಡುತ್ತಿರಲಿಲ್ಲ. ಆ ಜಗಳ ನನಗೆ ಇಷ್ಟವಿತ್ತು. ಅವರೂ ಇಷ್ಟವಿದ್ದರು, ಅದನ್ನು ಹೇಳಲು ಈಗ ನನಗೆ ನಾಚಿಕೆಯಿಲ್ಲ.

ಆ ವರ್ಷ ಎಂಜಿನ್ನಿಗೆ ಎಣ್ಣೆ ಸಿಗದೆ ಪಲ್ಪರನ್ನು ಕೈಯಲ್ಲೇ ತಿರುಗಿಸಿ ಸಿಪ್ಪೆ ಬಿಡಿಸುತ್ತಿದ್ದರು. ಒಂದು ಮಧ್ಯಾಹ್ನ ಮೇಲಿನ ಗುಡ್ಡದ ಹುಲ್ಲಿನಲ್ಲಿ ಏನೋ ಬಿತ್ತು. ಯುದ್ಧದ ವಿಮಾನವೆಂದು ಆಳುಗಳೆಲ್ಲ ನೋಡಲು ಓಡಿದರು. ಒಂದು ತುಂಡು ಕಬ್ಬಿಣವೂ ಸಿಗಲಿಲ್ಲ, ದುಂಡಗೆ ಸುಟ್ಟ ಹುಲ್ಲು ಮಾತ್ರ ಇತ್ತು. ಮರುದಿನ ಬೆಳಗ್ಗೆ, ಒಂದು ತೊಟ್ಟು ಎಣ್ಣೆಯೂ ಇಲ್ಲದ ಎಂಜಿನ್ ತಾನೇ ಓಡತೊಡಗಿತು.

ತೋಟದ ಸಾವ್ಕಾರರಿಗೆ ಹಿಗ್ಗೋ ಹಿಗ್ಗು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಹಾಗೆ ಪಕ್ಕದ ತೋಟದ ಹಣ್ಣನ್ನೂ ತರಿಸಿ ಸುರಿಸಿದರು. ಹಣ್ಣು ಮುಗಿಯಿತು, ಎಂಜಿನ್ ನಿಲ್ಲಲಿಲ್ಲ. ಬೆಲ್ಟ್ ಕಳಚಿದರೂ ನಿಲ್ಲಲಿಲ್ಲ. ನನ್ನ ಗಂಡ ಚಕ್ರಕ್ಕೆ ಅಡ್ಡ ಕೊಟ್ಟ ಹಲಸಿನ ದಿಮ್ಮಿ ಸಿಡಿದು ಹೋಳಾಯಿತು. ಪೆಟ್ರೋಲಿಲ್ಲದೆ ಶೆಡ್ಡಿನಲ್ಲಿ ನಿಂತಿದ್ದ ಸಾವ್ಕಾರರ ಕಾರಿನ ಮುಂದಿನ ಚಕ್ರಗಳು ದಿನಾ ಬೆಳಗ್ಗೆ ಎಂಜಿನ್ ಮನೆಯ ಕಡೆ ಹೊರಳಿರುತ್ತಿದ್ದವು. ನಮ್ಮ ಮನೆಯ ಹೊಲಿಗೆ ಮೆಷಿನ್ನಿನ ಸೂಜಿ ಬಟ್ಟೆಯಿಲ್ಲದೆ, ಕೈ ಸೋಕದೆ, ಎಂಜಿನ್ನಿನ ಸದ್ದಿಗೆ ಸರಿಯಾಗಿ ಮೇಲೆ ಕೆಳಗೆ ಆಡುವುದನ್ನು ನಾನೇ ನೋಡಿದೆ. ಅದರ ಮೇಲೆ ಕಂಬಳಿ ಹೊದಿಸಿ ಅಡಿಗೆಮನೆಗೆ ಓಡಿದೆ.

ಆಳುಗಳು ಕೆಲಸಕ್ಕೆ ಬರಲೊಲ್ಲೆ ಎಂದರು. ಗುಡ್ಡ ಕಾಯುವ ದೇವತೆ ಚೌಡಿ ಪ್ರತಿವರ್ಷ ಮೈಮೇಲೆ ಬರುತ್ತಿದ್ದ ಮುದುಕರೊಬ್ಬರು ಆಳುಗಳ ಸಾಲುಮನೆಯಲ್ಲಿ, ಲೈನಿನಲ್ಲಿ, ಇದ್ದರು. ಅವರು ಬಂದು ನೋಡಿ, "ಇದು ಗುಡ್ಡದ ಚೌಡಿನೇ ಅಯ್ಯಾ. ನೆಲೆ ತಪ್ಪಿ ಬಂದಿದೆ. ದರ್ಶನ ಮಾಡ್ಸಿ ಕೇಳ್ಬೇಕು" ಎಂದರು. ನಮ್ಮಲ್ಲಿ ದರ್ಶನವೆಂದರೆ ಕಾಣದ್ದನ್ನು ಮನುಷ್ಯರ ಮೈಮೇಲೆ ಬರಿಸಿ ಮಾತಾಡಿಸುವುದು. ಕೇಳಿದ್ದಕ್ಕೆ ಉತ್ತರ ಹೇಳಿ ಅದು ಇಳಿಯುತ್ತದೆ. ಇಳಿದಾಗ ಆ ಮನುಷ್ಯ ದೊಪ್ಪನೆ ಬಿದ್ದು ನೀರು ಕೇಳುತ್ತಾನೆ. ಮುದುಕರು ಎಷ್ಟು ಹೊತ್ತು ನಿಂತರೂ ಅದು ಅವರ ಮೈಗೆ ಬರಲಿಲ್ಲ. ಕೊನೆಗೆ, ದಿನಾ ಮುಟ್ಟುವವನೇ ನಿಲ್ಲಲಿ ಎಂದು ನನ್ನ ಗಂಡನನ್ನು ಕರೆದರು.

ನನಗೆ ಮೈಯೆಲ್ಲ ಉರಿಯಿತು. "ನಮ್ಮೋರ ಮೈ ಏನು ಧರ್ಮಛತ್ರವಾ, ಬಂದೋರೆಲ್ಲ ಇಳ್ಕೊಳ್ಳೋಕೆ?" ಎಂದು ಸಾವ್ಕಾರರ ಎದುರೇ ಕೂಗಿದೆ.

"ಒಂದು ಗಳಿಗೆ ತಾಯಿ. ಬಂದಿದ್ದು ಇಳೀಲೇಬೇಕಲ್ಲ" ಎಂದರು ಸಾವ್ಕಾರರು.

ಇವರು ನನ್ನತ್ತ ತಿರುಗಿ, "ಸುಮ್ನಿರು ಮಾರಾಯ್ತಿ, ಊಟದ ಹೊತ್ತಿಗೆ ಬರ್ತೀನಿ" ಎಂದು ನಕ್ಕರು. ಒಂದು ಕೈಯಲ್ಲಿ ಅಡಿಕೆ ಹೂವಿನ ಹಿಂಗಾರ ಹಿಡಿದು ಎಂಜಿನ್ನಿನ ಮೇಲೆ ಅಂಗೈ ಇಟ್ಟರು.

"ಯಾರು ನೀನು? ಏನು ಬೇಕು?" ಮುದುಕರು ಕೇಳಿದರು.

ಇವರು ನಡುಗಲಿಲ್ಲ, ಕೂಗಲಿಲ್ಲ. ಬಹಳ ಹೊತ್ತು ಬಾಯಿ ಸುಮ್ಮನೆ ತೆರೆದು ಮುಚ್ಚಿತು. ಆಮೇಲೆ, "ಇರೋಕೆ ಜಾಗ ಬೇಕು" ಎಂದರು.

"ಕೊಟ್ವಿ. ಇಳಿ" ಎಂದು ಮುದುಕರು ಅರಿಶಿನದ ನೀರು ಚಿಮುಕಿಸಿದರು.

ಎಂಜಿನ್ ನಿಂತಿತು. ಜನ ಹೋ ಎಂದರು. ಚೌಡಿಗೆಂದು ಮರದ ಬುಡದಲ್ಲಿ ಕಲ್ಲು ನೆಟ್ಟು, ಕೋಳಿ ಕುಯ್ದು, ಸಾವ್ಕಾರರು ಎಲ್ಲರಿಗೂ ಊಟ ಹಾಕಿಸಿದರು. ನಾನು ಕಾಯುತ್ತಿದ್ದೆ, ಇವರು ಬೀಳಲಿ, ನೀರು ಕೇಳಲಿ ಎಂದು. ಬೀಳಲಿಲ್ಲ. ಕೈ ಒರೆಸಿಕೊಂಡು ನೆಟ್ಟಗೆ ಮನೆಗೆ ನಡೆದರು. ಇಳಿಯುವ ಪದ್ಧತಿ ಚೌಡಿಗೆ ಗೊತ್ತು. ಇದು ಯಾವ ಊರಿನದೋ, ಇದಕ್ಕೆ ಯಾರು ಕಲಿಸಿದ್ದರು?

ಅಂದಿನಿಂದ ಎಂಥ ಕೆಟ್ಟ ಯಂತ್ರವಾದರೂ ಇವರು ಹತ್ತಿರ ನಿಂತರೆ ಸಾಕು, ಓಡುತ್ತಿತ್ತು. ಆಲ್ದೂರಿನಿಂದಲೂ ಕರೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಬಡಿಸಿದ್ದನ್ನು ಉಂಡು ಏಳುತ್ತಿದ್ದರು. ನಾನು ಬೇಕೆಂದೇ ಉಪ್ಪು ಸುರಿದರೂ ತುಟಿ ಬಿಚ್ಚಲಿಲ್ಲ. ಲೈನಿನ ಹೆಂಗಸರು "ದೇವರಂಥಾ ಗಂಡ ಕಣವ್ವಾ ನಿಂಗೆ" ಎನ್ನುವರು. ಮಳೆ ಹಿಡಿದಾಗ ತೋಟದಲ್ಲಿ ಎಲ್ಲರ ಕಾಲಿಗೂ ಇಂಬಳ ಹತ್ತಿ ರಕ್ತ ಹೀರುತ್ತಿದ್ದವು. ಇವರ ಕಾಲಿಗೆ ಹತ್ತಿದ್ದು ಬಾಯಿ ಊರದೆ ತಾನೇ ಉದುರಿ ಬೀಳುತ್ತಿತ್ತು.

ಎರಡು ಮಳೆಗಾಲ ತಡೆದುಕೊಂಡೆ. ಒಂದು ಮಧ್ಯಾಹ್ನ ಎಲೆಯ ಮುಂದೆ ಕುಳಿತವರನ್ನು ಕೇಳಿಯೇಬಿಟ್ಟೆ: "ಯಾರಾದ್ರೂ ಆಗಿರಿ. ಕೈ ಮುಗೀತೀನಿ, ಇಳ್ದು ಹೋಗಿ. ನಮ್ಮೋರನ್ನ ಬಿಟ್ಕೊಡಿ."

ಮೊದಲ ಸಲ ಆ ಕಣ್ಣುಗಳು ನನ್ನನ್ನೇ ನೋಡಿದವು. ಸಿಟ್ಟಿರಲಿಲ್ಲ. ನನ್ನ ಗಂಡನ ದನಿಯಲ್ಲೇ, ಮೆಲ್ಲಗೆ, ನನಗೆ ನೋವಾಗಬಾರದು ಎನ್ನುವ ಹಾಗೆ ಹೇಳಿತು:

"ಒಳಗೇ ಇದಾರೆ. ನಾನು ಇಳಿದ್ರೆ ಇವರು ನಿಂತ್ಹೋಗ್ತಾರೆ. ಇಳೀಲಾ?"

ಆ ಮುಖ ನೋಡಿದೆ, ಆ ಕೈ ನೋಡಿದೆ.

"ಇಳೀಬೇಡಿ" ಎಂದೆ. ಅನ್ನ ಬಡಿಸಿದೆ.